ರಿಸಲ್ಟಿನ ವಾರ, ಐವತ್ತನೇ ನಂಬರಿನ ರಸ್ತೆ

ಬೀದರ್‌ಗೆ ಒಮ್ಮೆ ಕರೆದುಕೊಂಡು ಹೋಗು ಅಂತ ಮಾವ ಕೇಳಲು ಶುರು ಮಾಡಿ ಎಷ್ಟೋ ವರ್ಷ ಆಗಿತ್ತು. ಸೋದರಮಾವ, ಅರವತ್ತೊಂಬತ್ತು ವಯಸ್ಸು, ತುಮಕೂರಿನವರು. 1987ರಿಂದ ಮೂರು ವರ್ಷ ಬೀದರ್‌ನಲ್ಲಿ ಬ್ಯಾಂಕ್ ಕ್ಯಾಷಿಯರ್ ಆಗಿದ್ದರು. ಕೊನೆಗೆ ರಜೆ ಸಿಕ್ಕಿದ್ದು 2024ರ ಜೂನ್ ಮೊದಲ ವಾರ. ಲಾಡ್ಜ್ ಬುಕ್ ಮಾಡಿ, ಕಾರು ಸರ್ವೀಸ್ ಮಾಡಿಸಿ ಎಲ್ಲ ಆದ ಮೇಲೆ ಹೆಂಡತಿ ಕೇಳಿದಳು, 'ನಾಲ್ಕನೇ ತಾರೀಖು ಲೋಕಸಭೆ ರಿಸಲ್ಟು ಅಲ್ವಾ? ನೀವಿಬ್ಬರೂ ಒಂದೇ ಕಾರಲ್ಲಾ?'

ಅವಳ ಭಯಕ್ಕೆ ಕಾರಣವಿತ್ತು. ಮಾರ್ಚ್‌ನಲ್ಲಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಮಾವ ಒಂದು ಫಾರ್ವರ್ಡ್ ಹಾಕಿದ್ದರು. ಅದರಲ್ಲಿ 'ಅವರು' ಹೇಗೆ, 'ಅವರ' ಓಟು ಎಲ್ಲಿ ಹೋಗುತ್ತೆ ಅಂತೆಲ್ಲ ಇತ್ತು. ನಾನು ಹಿಂದೆಮುಂದೆ ನೋಡದೆ ಉತ್ತರ ಕೊಟ್ಟೆ. ಮಾವ ಗ್ರೂಪ್ ಬಿಟ್ಟರು. ಯುಗಾದಿಗೆ ಅವರು ನಮ್ಮನೆಗೆ ಬರಲಿಲ್ಲ, ನಾನೂ ಹೋಗಲಿಲ್ಲ. ಕೊನೆಗೆ ಅತ್ತೆಯೇ ಮಧ್ಯೆ ಬಂದು ಫೋನಿನಲ್ಲಿ ಷರತ್ತು ಹಾಕಿದರು: 'ಕಾರೊಳಗೆ ರಾಜಕೀಯ ಬೇಡ. ಇಬ್ಬರೂ ನನ್ನ ಮೇಲೆ ಆಣೆ ಮಾಡಿ.'

ಮಾಡಿದೆವು.

ಮೊದಲ ದಿನ: ಸೋಮವಾರ, ಜೂನ್ 3

ಬೆಳಗ್ಗೆ ಆರಕ್ಕೆ ಹೊರಡಬೇಕಿದ್ದವನು ಹೊರಟಿದ್ದು ಎಂಟೂವರೆಗೆ. ಹಿಂದಿನ ದಿನ ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ಸುರಿದಿತ್ತು. ಜೂನ್ ತಿಂಗಳ ಒಂದೇ ದಿನ ಅಷ್ಟು ಬಿದ್ದದ್ದು 133 ವರ್ಷಗಳಲ್ಲೇ ಮೊದಲಂತೆ. ನಮ್ಮ ಬೀದಿಯ ತುದಿಯಲ್ಲಿ ಮರ ಅಡ್ಡ ಬಿದ್ದು, ಕೊಂಬೆ ಕಡಿಯುವವರಿಗೆ ಕಾಯಬೇಕಾಯಿತು. ಟೋಲಿನಲ್ಲಿ ಎಂದಿಗಿಂತ ಹೆಚ್ಚು ಕಟ್ಟಾಯಿತು. ಚುನಾವಣೆ ಅಂತ ಏಪ್ರಿಲ್‌ನಿಂದ ತಡೆದಿಟ್ಟಿದ್ದ ಏರಿಕೆ ಅವತ್ತಿನಿಂದಲೇ ಜಾರಿ. ಕೊನೇ ಹಂತದ ಮತದಾನ ಮುಗಿದು ಎರಡು ದಿನವೂ ಆಗಿರಲಿಲ್ಲ. ಮೊದಲ ಫಲಿತಾಂಶ ನಮಗೆ ಫಾಸ್ಟ್ಯಾಗ್ ಮೆಸೇಜಿನಲ್ಲೇ ಬಂತು ಅನ್ನಬಹುದು.

ಕ್ಯಾತ್ಸಂದ್ರದಲ್ಲಿ ಮಾವ ಕಾಯುತ್ತಿದ್ದರು. ಆಗಲೇ ಎರಡು ತಟ್ಟೆ ಇಡ್ಲಿ ಮುಗಿಸಿದ್ದವರು ನನ್ನ ಜೊತೆಗೆ ಮತ್ತೊಂದು ತಿಂದರು. ಮುಖ ಅರಳಿತ್ತು. ಶನಿವಾರ ಸಂಜೆ ಬಂದ ಎಕ್ಸಿಟ್ ಪೋಲ್‌ಗಳಲ್ಲಿ ಹೆಚ್ಚಿನವು ಎನ್‌ಡಿಎಗೆ ಮುನ್ನೂರೈವತ್ತರ ಮೇಲೆ ಕೊಟ್ಟಿದ್ದವು. ಆಣೆ ಮಾಡಿದ್ದರಿಂದ ಬಾಯಿ ಬಿಡುವ ಹಾಗಿಲ್ಲ. ಅದಕ್ಕೆ ಶಿಳ್ಳೆ ಹೊಡೆದರು. ತುಮಕೂರು ದಾಟಿ ಶಿರಾ ತನಕ ಶಿಳ್ಳೆ, ಶಿರಾದಿಂದ ಹಿರಿಯೂರು ತನಕ ಶಿಳ್ಳೆ. ನಾನು ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದೆ.

ಚಿತ್ರದುರ್ಗದಲ್ಲಿ ಪುಣೆಯ ರಸ್ತೆ ಬಿಟ್ಟು ಐವತ್ತನೇ ನಂಬರಿನ ಹೆದ್ದಾರಿಗೆ ತಿರುಗಿಕೊಂಡೆವು. ಹೊಸಪೇಟೆ, ಇಳಕಲ್, ವಿಜಯಪುರ, ಕಲಬುರಗಿ, ಹುಮನಾಬಾದ್ ಎಲ್ಲ ಈ ಒಂದೇ ರಸ್ತೆಯಲ್ಲಿ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹಿಂದಿನ ವರ್ಷ ಬರ ಕಂಡ ನೆಲ ಒಂದೆರಡು ಮಳೆಗೆ ಕಪ್ಪಾಗಿ, ಕೂಡ್ಲಿಗಿ ಕಡೆ ಜನ ಎತ್ತು ಹೂಡಿದ್ದರು. ಕತ್ತಲಾಗುವ ಮುಂಚೆ ಹೊಸಪೇಟೆ ಸೇರಿದೆವು.

ಎರಡನೇ ದಿನ: ಮಂಗಳವಾರ, ಜೂನ್ 4

ಬೆಳಗ್ಗೆ ಎಂಟಕ್ಕೆ ಲಾಡ್ಜಿನ ಕೆಳಗಿನ ಟೀವಿ ಮುಂದೆ ರೂಮ್‌ಬಾಯ್‌ನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲ ನಿಂತಿದ್ದರು. ಇಡ್ಲಿ ಕೇಳಿದರೆ ತರುವವರಿಲ್ಲ. ಮಾವ ಮುಂದಿನ ಕುರ್ಚಿ ಹಿಡಿದಿದ್ದರು. ಒಂಬತ್ತೂವರೆ ಹೊತ್ತಿಗೆ ಉತ್ತರ ಪ್ರದೇಶದ ಲೆಕ್ಕ ತಿರುಗತೊಡಗಿತು. ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅಂಕಿ ಅಷ್ಟೇ ಇತ್ತು.

ಸಂಡೂರಿನ ರೂಮ್‌ಬಾಯ್ ಕುಣಿಯುತ್ತಿದ್ದ. ಬಳ್ಳಾರಿಯಲ್ಲಿ ಅವರೂರಿನ ಎಂಎಲ್‌ಎ ತುಕಾರಾಂ ಮುಂದಿದ್ದರು. ರಿಸೆಪ್ಷನ್‌ನಲ್ಲಿದ್ದವನು ಶ್ರೀರಾಮುಲು ಕಡೆಯವನು. ಪ್ರತಿ ಸುತ್ತಿಗೂ 'ಇನ್ನೂ ಬಾಳ ರೌಂಡ್ ಅದಾವಲೇ' ಅನ್ನುತ್ತಿದ್ದ. ಕೊನೆಗೆ ಅಂತರ 98,992. ನನ್ನ ಫೋನಿನಲ್ಲಿ ಬೆಂಗಳೂರು ಸೆಂಟ್ರಲ್ ತೆರೆದಿಟ್ಟುಕೊಂಡಿದ್ದೆ. ನನ್ನ ಓಟು ಬಿದ್ದ ಕಡೆಯೇ ಲೀಡ್. ಈಗ ಶಿಳ್ಳೆಯ ಸರದಿ ನನ್ನದು. ಹೊಡೆದೆ ಕೂಡ. ಅದನ್ನು ಬರೆಯಲು ನಾಚಿಕೆಯಾಗುತ್ತೆ, ಆದರೆ ಕುಷ್ಟಗಿ ತನಕ ಹೊಡೆದೆ.

ಇಳಕಲ್‌ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಕ್ಕದ ಮೇಜಿನಲ್ಲಿ ಸೀರೆ ವ್ಯಾಪಾರಿ, ಮೂವತ್ತರ ಹುಡುಗ, ರೊಟ್ಟಿ ಮುರಿದವನು ಬಾಯಿಗೆ ಹಾಕದೆ ಫೋನ್ ನೋಡುತ್ತಿದ್ದ. ಸೋಮವಾರ ಷೇರುಪೇಟೆ ಎರಡೂವರೆ ಸಾವಿರ ಪಾಯಿಂಟ್ ಏರಿದಾಗ ಇನ್ನಷ್ಟು ದುಡ್ಡು ಹಾಕಿದ್ದನಂತೆ. ಅವತ್ತು ಸಂಜೆಗೆ ಸೆನ್ಸೆಕ್ಸ್ ಬಿದ್ದದ್ದು 4,390. 'ನೀವು ಯಾವ ಪಕ್ಷಾರಿ?' ಅಂತ ಮಾವ ಕೇಳಿದರು. 'ನಿನ್ನಿ ತನಕ ಒಂದಿತ್ರಿ' ಅಂದ.

ಅತ್ತೆಗೆ ಒಂದು ಸೀರೆ ಅಂತ ನೇಕಾರರೊಬ್ಬರ ಮನೆಗೆ ಕರೆದೊಯ್ದವನೂ ಅವನೇ. ತಗ್ಗು ಬಾಗಿಲು, ಒಳಗೆ ಕುಣಿ ಮಗ್ಗ, ಗೂಡಿನಲ್ಲಿ ಚಿಕ್ಕ ಟೀವಿ, ಸದ್ದು ಬಂದ್. ನೇಕಾರರು ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು ಲಾಳಿ ಓಡಿಸುತ್ತ, ಲಾಳಿ ಈ ತುದಿಗೆ ಬಂದಾಗಲೆಲ್ಲ ಒಮ್ಮೆ ಟೀವಿ ಕಡೆ ಕಣ್ಣು ಹಾಯಿಸುತ್ತಿದ್ದರು. ಅವರ ಹೆಂಡತಿ ಗೋಡೆ ಬದಿಗೆ ಕೂತು ಕೊಂಡಿ ಹಾಕುತ್ತಿದ್ದರು. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಇದರ ಎಳೆಗಳನ್ನು ಅದರ ಎಳೆಗಳಿಗೆ ಕುಣಿಕೆ ಹಾಕಿ ಸೇರಿಸುತ್ತ ಹೋಗಬೇಕು. ಹೆಬ್ಬೆರಳಿಗೆ ಬೂದಿ ಸವರಿಕೊಂಡು ಎಳೆ ಹಿಡಿದು ಹೊಸೆದು ಬಿಡುತ್ತಿದ್ದರು. ಬೆರಳು ಕಾಣುತ್ತಿತ್ತು, ಗಂಟು ಬಿದ್ದದ್ದು ಕಾಣುತ್ತಿರಲಿಲ್ಲ. ಕೈಮಗ್ಗದ್ದೋ ಅಲ್ಲವೋ ಅಂತ ಅನುಮಾನ ಬಂದರೆ ಸೆರಗು ಸೇರುವ ಜಾಗದಲ್ಲಿ ಬೆರಳಾಡಿಸಿ ನೋಡಿ ಅಂದರು. ನನ್ನ ಬೆರಳಿಗೂ ತರಿತರಿಯಾಗಿ ಹತ್ತಿತು.

'ನಿಮ್ಮ ಕಡೆ ಏನಾತ್ರಿ?' ಮಾವ ಕೇಳಿದರು.

'ನಮ್ಮ ಗದ್ದಿಗೌಡ್ರು ಬರ್ತಾರ ಬಿಡ್ರಿ, ಇದು ಐದನೇ ಸಲ' ಅಂದರು ನೇಕಾರರು. ಲಾಳಿ ಎರಡು ಸಲ ಓಡಿತು. 'ಆದ್ರ ಮ್ಯಾಲ ಕಡಿಮಿ ಬಿದ್ದಾವ. ಗೆದ್ದೀವಿ, ಗೆದ್ದಂಗ ಅನಸವಲ್ದು.'

ಗೋಡೆ ಕಡೆಯಿಂದ ಹೆಂಡತಿ ತಲೆ ಎತ್ತದೆ, 'ನಾವು ಸೋತೀವಿ, ನಮಗ ಸೋತಂಗ ಅನಸವಲ್ದು' ಅಂದರು.

ಮಗ್ಗ ನಿಂತಿತು. 'ನೀ ಯಾರಿಗೆ ಹಾಕಿದ್ದಿ?'

'ಹೆಣ್ಮಗಳು ನಿಂತಿದ್ಲಲ್ಲ.'

'ಮನ್ಯಾಗ ಹೇಳೇ ಇಲ್ಲಲ್ಲ ನೀ!'

'ಹೇಳಬಾರ್ದಂತಲ್ಲ ಅದನ್ನ' ಅಂದು ಇನ್ನೊಂದು ಎಳೆ ಎತ್ತಿಕೊಂಡರು. ನೇಕಾರರು ನಮ್ಮನ್ನು ಒಮ್ಮೆ, ಟೀವಿಯನ್ನು ಒಮ್ಮೆ ನೋಡಿ ಮತ್ತೆ ಲಾಳಿ ಎಳೆದರು. ಹೊರಗೆ ಬಂದ ಮೇಲೆ ಮಾವ ಬಹಳ ಹೊತ್ತು ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ, 'ನಿಮ್ಮತ್ತೆ ಯಾರಿಗೆ ಹಾಕಿದ್ಳೋ ನಾನೂ ಕೇಳಿಲ್ಲ ಕಣೋ' ಅಂದರು. ಆಮೇಲೆ ನಗಲಿಲ್ಲ.

ಹುನಗುಂದ ದಾಟಿ ಕೃಷ್ಣೆಯ ಸೇತುವೆ ಇನ್ನೂ ಬಂದಿರಲಿಲ್ಲ, ಹಿಂದಿನ ಎಡಗಾಲಿ ಪಂಚರ್. ಸ್ಟೆಪ್ನಿ ಹಾಕೋಣವೆಂದರೆ ಅದರಲ್ಲಿ ಗಾಳಿ ಅರ್ಧ. ಸರ್ವೀಸ್ ಮಾಡಿಸಿದಾಗ ಡಿಕ್ಕಿ ತೆಗೆದು ನೋಡಿಕೊಳ್ಳದ್ದು ನನ್ನದೇ ತಪ್ಪು. ಉದ್ದ ಪ್ರಯಾಣಕ್ಕೆ ಹೊರಡುವವರು ನಾಲ್ಕಲ್ಲ, ಐದು ಗಾಲಿಗೂ ಗಾಳಿ ನೋಡಿಕೊಳ್ಳಿ. ತುಂತುರಿನಲ್ಲಿ ತಳ್ಳಿಕೊಂಡು ಹೋದಷ್ಟೇ ನಿಧಾನಕ್ಕೆ ಒಂದು ಪಂಚರ್ ಅಂಗಡಿ ಮುಟ್ಟಿದೆವು. ಅಷ್ಟರಲ್ಲಿ ನನ್ನ ಫೋನಿನಲ್ಲಿ ಬೆಂಗಳೂರು ಸೆಂಟ್ರಲ್ ಮಗುಚಿಕೊಂಡಿತ್ತು. ಬೆಳಗ್ಗೆಯಿಂದ ಮುಂದಿದ್ದ ಮನ್ಸೂರ್ ಅಲಿ ಖಾನ್ ಕೊನೇ ಸುತ್ತುಗಳಲ್ಲಿ ಹಿಂದೆ ಬಿದ್ದು, ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದಿದ್ದರು. ಫೋನ್ ನೋಡುತ್ತ ನಿಂತವನನ್ನು ಪಂಚರ್ ಹುಡುಗ ಕೇಳಿದ, 'ಏನಾಗೇತ್ರಿ?'

'ಸೋತ್ವಿ' ಅಂದೆ.

'ಗಾಲಿಗ್ರಿ' ಅಂದ ಅವನು.

ಮಾವ ಅತ್ತ ತಿರುಗಿ ನಿಂತರು. ಭುಜ ಅಲುಗುತ್ತಿತ್ತು.

ವಿಜಯಪುರ ಸೇರಿದಾಗ ಗಾಂಧಿ ಚೌಕದಲ್ಲಿ ವಾಹನ ಅಲುಗಾಡುವ ಹಾಗಿರಲಿಲ್ಲ. ಜಿಗಜಿಣಗಿ 77,229 ಅಂತರದಲ್ಲಿ ಗೆದ್ದಿದ್ದರು. ಡೊಳ್ಳು, ಡಿಜೆ, ಪಟಾಕಿ ಹೊಗೆ. ಉಸಿರು ಕಟ್ಟಿದಂತಾಗಿ ಮಾವ ಗಾಜು ಇಳಿಸಿದ್ದೇ ತಡ, ಯಾರೋ ಹುಡುಗ ಒಂದು ಹಿಡಿ ಗುಲಾಲು ಒಳಗೆ ತೂರಿದ. ಬಿಳಿ ಅಂಗಿ, ಮೀಸೆ, ಕನ್ನಡಕ ಎಲ್ಲ ಗುಲಾಬಿ. ಇಡೀ ಊರಲ್ಲಿ ಆ ಹೊತ್ತಿಗೆ ಅವರಷ್ಟು ಸಪ್ಪಗಿದ್ದ ಗೆದ್ದವರು ಇನ್ನೊಬ್ಬರಿರಲಿಲ್ಲ. ಅವರ ತುಮಕೂರಿನಲ್ಲೂ ಸೋಮಣ್ಣ ಒಂದು ಮುಕ್ಕಾಲು ಲಕ್ಷದ ಮೇಲೆ ಗೆದ್ದಾಗಿತ್ತು. ಆದರೆ ಬಿಜೆಪಿ ಒಟ್ಟು 240. ಬಹುಮತಕ್ಕೆ 272 ಬೇಕು. ಇತ್ತ ನಾನು ಓಟು ಹಾಕಿದ ಕ್ಷೇತ್ರವನ್ನೂ ದೇಶವನ್ನೂ ಸೋತು, ಒಳಗೊಳಗೆ ಪೇಡೆ ತಿಂದವನಂತಿದ್ದೆ. 99 ಸೀಟಿಗೆ ಹಬ್ಬ ಮಾಡುವ ಪರಿಸ್ಥಿತಿ ಯಾಕೆ ಬಂತು ಅಂತ ಯೋಚಿಸಿದ್ದು ಮಾತ್ರ ಮರುದಿನ.

ಅದನ್ನೆಲ್ಲ ತಣ್ಣಗೆ ಕೂತು ಮಾತಾಡೋಣವೆಂದರೆ ಎಣಿಕೆಯ ದಿನ ಬಾರುಗಳೂ ಬಂದ್. ಲಾಡ್ಜಿನಲ್ಲಿ ಮಾವ ಎರಡು ಬಕೆಟ್ ನೀರು ಸುರಿದುಕೊಂಡರು. ಕಿವಿಯ ಹಿಂದಿನ ಗುಲಾಬಿ ಬಣ್ಣ ಬೀದರ್ ತನಕ ನಮ್ಮ ಜೊತೆಗೇ ಬಂತು.

ಮೂರನೇ ದಿನ: ಬುಧವಾರ, ಜೂನ್ 5

ಗೋಳಗುಮ್ಮಟಕ್ಕೆ ಬೆಳಗ್ಗೆ ಬೇಗ ಹೋಗಬೇಕು, ಶಾಲೆ ಮಕ್ಕಳ ಬಸ್ಸು ಬರುವ ಮೊದಲೇ. ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲು ಏಳಂತಸ್ತು. ಮಾವ ಪ್ರತಿ ಅಂತಸ್ತಿಗೂ ಕಿಟಕಿ ನೋಡುವ ನೆಪದಲ್ಲಿ ನಿಂತರು. ಮೇಲೆ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಮಗಿಂತ ಮುಂಚೆ ಬಂದ ಆರೇಳು ಕಾಲೇಜು ಹುಡುಗರು. ಒಬ್ಬ ಈ ಕಡೆಯಿಂದ ಒಂದು ಪಕ್ಷಕ್ಕೆ ಜೈಕಾರ ಹಾಕಿದ. ಎದುರು ಬದಿಯವನು ಇನ್ನೊಂದಕ್ಕೆ. ಎರಡೂ ಗೋಡೆ ಹತ್ತಿ ಸುತ್ತಿ ಸುತ್ತಿ ಬಂದು, ನಾಲ್ಕನೇ ಸುತ್ತಿಗೆ ಯಾವುದು ಯಾರದ್ದೆಂದು ತಿಳಿಯದೆ ಬರೀ 'ಐ ಐ ಐ' ಅಂತ ಉಳಿಯಿತು. ಕಾವಲುಗಾರ ಸೀಟಿ ಊದಿದ. ಅದೂ ಏಳು ಸಲ ಕೇಳಿಸಿತು.

ಸಿಂದಗಿ ದಾಟಿ ಭೀಮೆಯ ಕಡೆಗೆ ರಸ್ತೆ ಸಪಾಟು, ಕಪ್ಪು ನೆಲ, ದೂರಕ್ಕೆ ಒಂದೊಂದು ಬೇವಿನ ಮರ. ದಾರಿಯುದ್ದಕ್ಕೂ ಕ್ಷೇತ್ರಗಳ ಲೆಕ್ಕ ಹಾಕುತ್ತ ಬಂದೆ: ತುಮಕೂರು, ಚಿತ್ರದುರ್ಗ ಬಿಜೆಪಿ, ಬಳ್ಳಾರಿ, ಕೊಪ್ಪಳ ಕಾಂಗ್ರೆಸ್, ಬಾಗಲಕೋಟೆ, ವಿಜಯಪುರ ಮತ್ತೆ ಬಿಜೆಪಿ, ಮುಂದಿನ ಕಲಬುರಗಿ, ಬೀದರ್ ಎರಡೂ ಕಾಂಗ್ರೆಸ್. ಒಂದೇ ರಸ್ತೆ, ಎರಡೆರಡು ಕ್ಷೇತ್ರಕ್ಕೊಮ್ಮೆ ಬಾವುಟ ಬದಲು. ರಸ್ತೆ ಬದಿಯ ಮಿರ್ಚಿ ಭಜಿಯ ಕಾರ ಮಾತ್ರ ಮೇಲಕ್ಕೆ ಹೋದಂತೆ ಏರುತ್ತ ಹೋಯಿತು.

ಜೇವರ್ಗಿಯಲ್ಲಿ ಚಹಾಕ್ಕೆ ನಿಂತಾಗ ಬಸ್ಸಿಗೆ ಕಾಯುತ್ತಿದ್ದ ವಯಸ್ಸಾದ ಹೆಂಗಸರೊಬ್ಬರ ಜೊತೆ ಮಾತಿಗಿಳಿದೆ. ಮಗಳ ಮನೆಗೆ ಹೊರಟಿದ್ದರು, ಬಸ್ಸು ಪುಕ್ಕಟೆ. 'ಎರಡು ಸಾವಿರ ಬರ್ತದೇನ್ರಿ ಅಮ್ಮಾ?' 'ಬರ್ತದ, ಒಂದೊಂದ್ ತಿಂಗಳ ತಡಾ.' 'ಅದಕ್ಕೇ ಓಟು ಹಾಕಿದ್ರಾ?' ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ನಿಮಗ ಪಗಾರ ಬರ್ತದಲ್ಲ, ಪಗಾರ ಕೊಡೋರಿಗೇ ಓಟ್ ಹಾಕ್ತೀರೇನು?' ಚಹಾ ಲೋಟ ಬೇಗ ಖಾಲಿ ಮಾಡಿ ಎದ್ದೆ.

ಕಲಬುರಗಿಯಲ್ಲಿ ಆಟೋದವರು ಖುಷಿಯಲ್ಲಿದ್ದರು. 2019ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು ಇದೇ ಕ್ಷೇತ್ರ ಸೋಲಿಸಿತ್ತು; ಈಗ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205ರ ಅಂತರದಲ್ಲಿ ಗೆದ್ದಿದ್ದರು. 'ಸರ್ಕಾರ ಮಾಡೋದು ಅವರೇ ಅಲ್ವಾ?' ಅಂತ ಮಾವ ಕೆಣಕಿದರು. 'ಮಾಡ್ಲಿ ಬಿಡ್ರಿ ಕಾಕಾ. ಇನ್ ಮ್ಯಾಲ ಇಬ್ಬರನ್ನ ಕೇಳಿ ಚಾ ಕುಡೀಬೇಕಾಗ್ತದ.' ಚಂದ್ರಬಾಬು, ನಿತೀಶ್ ಅಂತ ಹೆಸರು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಅವತ್ತೇ ದೆಹಲಿಯಲ್ಲಿ ಮೋದಿ ರಾಜೀನಾಮೆ ಕೊಟ್ಟು, ಸಂಜೆ ಎನ್‌ಡಿಎ ಅವರನ್ನೇ ನಾಯಕನೆಂದು ಆರಿಸಿಕೊಂಡಿತು.

ರಾತ್ರಿ ದೀಪ ಆರಿಸಿದ ಮೇಲೆ ಮಾವ ಆಣೆ ಮುರಿದರು. ಕಾರೊಳಗಲ್ಲವಲ್ಲ, ಹಾಗಾಗಿ ಮುರಿದ ಹಾಗೂ ಅಲ್ಲ.

'ಅಯೋಧ್ಯೇಲೂ ಸೋತ್ರಂತಲ್ಲೋ.'

'ಫೈಜಾಬಾದ್ ಕ್ಷೇತ್ರ, ಮಾವ. ಐವತ್ನಾಲ್ಕು ಸಾವಿರ.'

'ಜನವರೀಲಿ ನಾನು ಮನೇಲಿ ದೀಪ ಹಚ್ಚಿದ್ದೆ.' ಸ್ವಲ್ಪ ಹೊತ್ತು ಫ್ಯಾನಿನ ಸದ್ದು. 'ಓಟಿಗೋಸ್ಕರ ಹಚ್ಚಲಿಲ್ಲ ಕಣೋ.'

ನನ್ನ ಬಳಿ ಇದ್ದ ಉತ್ತರಗಳೆಲ್ಲ ಗ್ರೂಪಿಗೆ ಹಾಕುವಂಥವು, ಆ ಕತ್ತಲಿಗೆ ಹೊಂದುವಂಥದು ಒಂದೂ ಇರಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಮಾವನ ದನಿ. 'ನಾನು ಮಾರ್ಚ್‌ನಲ್ಲಿ ಹಾಕಿದ್ನಲ್ಲ, ಅದು ನಮ್ಮನೆಯವರ ಗ್ರೂಪಲ್ಲಿ ಮಾತ್ರ ತಾನೆ ಇದ್ದದ್ದು? ಹೊರಗೆ ಹೋಗಿರಲ್ಲ?'

'ಇಲ್ಲ ಮಾವ.'

ಬೀದರ್‌ನಲ್ಲಿ ನಾವು ಹುಡುಕಿಕೊಂಡು ಹೊರಟಿದ್ದ ಮನೆಯ ಹಿರಿಯರನ್ನು ಮಾವ ಚಾಚಾ ಅಂತಲೇ ಕರೆಯುತ್ತಿದ್ದದ್ದು ನನಗೆ ಆಗ ನೆನಪಾಯಿತು.

ನಾಲ್ಕನೇ ದಿನ: ಗುರುವಾರ, ಜೂನ್ 6

ಹುಮನಾಬಾದ್ ದಾಟಿದ ಮೇಲೆ ನೆಲ ಕೆಂಪಾಗುತ್ತೆ. ಮೂರು ದಿನದ ಕಪ್ಪು ಮಣ್ಣಿನ ನಂತರ ಕಣ್ಣಿಗೆ ಹೊಸದು. ಮಾವ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಮಾತಿಲ್ಲ, ಶಿಳ್ಳೆಯೂ ಇಲ್ಲ.

ಕೋಟೆ, ಗವಾನ್ ಮದರಸಾ ಆಮೇಲೆ ನೋಡೋಣ ಅಂದು ನೇರ ಚೌಬಾರಕ್ಕೆ ನಡೆಸಿದರು. ದುಂಡನೆಯ ಆ ಕಾವಲು ಗೋಪುರದಿಂದ ಯಾವ ಗಲ್ಲಿ ಅನ್ನುವುದು ಮೂವತ್ತೈದು ವರ್ಷದ ಮೇಲೂ ಕಾಲಿಗೆ ನೆನಪಿತ್ತು, ತಲೆಗಿರಲಿಲ್ಲ. 'ಇಲ್ಲೇ ಬಾವಿ ಇತ್ತು' ಅನ್ನುತ್ತ ಎರಡು ಸಲ ಅದೇ ಮೊಬೈಲ್ ಅಂಗಡಿ ಮುಂದೆ ಬಂದು ನಿಂತೆವು. ಕೊನೆಗೆ ಒಬ್ಬ ಬಿದರಿ ಕುಶಲಕರ್ಮಿಯನ್ನು ಕೇಳಿದೆವು. ಕೋಟೆಯ ಮಣ್ಣು ಕಲಸಿದ ನೀರಿನಲ್ಲಿ ಹೂದಾನಿ ಅದ್ದಿ ತೆಗೆಯುತ್ತಿದ್ದ. ಲೋಹವೆಲ್ಲ ಕಪ್ಪಾಗಿ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೇ ಉಳಿದಿತ್ತು. ಮಾವ ಹೇಳಿದ ಹೆಸರು ಕೇಳಿ, 'ಚಾಚಾ ಹೋಗಿ ಬಾಳ ವರ್ಷ ಆಯ್ತಲ್ರಿ. ಮಗ ಅದಾರ, ಬರ್ರಿ' ಅಂತ ಒದ್ದೆ ಕೈಯಲ್ಲೇ ಎದ್ದ.

ಬಾಗಿಲು ತೆರೆದವರಿಗೆ ನಲವತ್ತೈದರ ಹತ್ತಿರ ವಯಸ್ಸು. ಮಾವ ಬೀದರ್ ಬಿಡುವಾಗ ಅವರಿಗೆ ಹತ್ತು. ಒಂದು ಕ್ಷಣ ನೋಡಿದರು. 'ಬ್ಯಾಂಕ್ ಕಾಕಾ?' ಅಂದರು. ಮಾವ ಹೂಂ ಅನ್ನಲು ಹೋಗಿ ಗಂಟಲು ಕಟ್ಟಿ ಕೆಮ್ಮಿದರು.

ಮಾಳಿಗೆಯ ಮೇಲಿನ ಮಾವನ ಹಳೇ ಕೋಣೆ ಈಗ ಇಲ್ಲ, ಅಲ್ಲಿ ನೀರಿನ ಟ್ಯಾಂಕಿದೆ. ಗೋಡೆಯ ಮೇಲೆ ಚಾಚಾನ ಫೋಟೋ. ಟೀವಿಯಲ್ಲಿ ಯಾರಿಗೆ ಯಾವ ಖಾತೆ ಅನ್ನುವ ಚರ್ಚೆ ನಡೆದಿತ್ತು. ನಾವು ಕೂತ ಕೂಡಲೇ ಅವರು ಬಂದ್ ಮಾಡಿದರು. ಮಾವನಿಗೆ ಅದು ಸಮಾಧಾನವಾಯಿತೋ ಕಸಿವಿಸಿಯಾಯಿತೋ, ಒಂದು ನಿಮಿಷ ಬಿಟ್ಟು ತಾವೇ ಕೇಳಿದರು, 'ನಿಮ್ಮ ಕಡೆ ಚಿಕ್ಕ ಹುಡುಗ ಗೆದ್ದನಂತೆ?'

'ಹೂಂ ಕಾಕಾ, ಸಾಗರ್ ಖಂಡ್ರೆ. ಇಪ್ಪತ್ತಾರು ವರ್ಷ. ಖೂಬಾ ಸಾಹೇಬರು ಮಂತ್ರಿ ಇದ್ರೂ ಸೋತ್ರು.' ಇಷ್ಟು ಹೇಳಿ ಸುಮ್ಮನಾದರು. ನೀವು ಯಾರಿಗೆ ಹಾಕಿದಿರಿ ಅಂತ ಅವರು ಕೇಳಲಿಲ್ಲ. ಮಾವ ಅದನ್ನೇ ಕಾಯುತ್ತಿದ್ದಂತೆ ನನಗನ್ನಿಸಿತು. ಸುಳ್ಳು ಹೇಳುತ್ತಿದ್ದರೋ ನಿಜ ಹೇಳುತ್ತಿದ್ದರೋ ಗೊತ್ತಿಲ್ಲ.

ಚಹಾ ಬಂತು, ಜೊತೆಗೆ ಖಾರಿ ಬಿಸ್ಕತ್ತು. ಮಾವ ಎಡಗೈ ಚಾಚಿ ಕಪ್ಪು ತೆಗೆದುಕೊಂಡಾಗ ಅವರು ತೋರುಬೆರಳನ್ನೇ ನೋಡಿದರು.

'ನಿಮ್ಮದು ಅಷ್ಟು ಮ್ಯಾಲ ಹೋಗ್ಯದಲ್ಲ ಕಾಕಾ!'

ಶಾಯಿ. ಚರ್ಮದ ಮೇಲಿನದು ಯಾವತ್ತೋ ಹೋಗಿತ್ತು, ಉಗುರಿನದು ಉಳಿದಿತ್ತು. ತುಮಕೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ, ಬೀದರ್‌ನಲ್ಲಿ ಮೇ 7ಕ್ಕೆ. ಅವರು ತಮ್ಮ ಕೈ ತಂದು ಮಾವನ ಕೈ ಪಕ್ಕ ಟೀಪಾಯಿಯ ಮೇಲೆ ಇಟ್ಟರು. ಅವರ ಉಗುರಿನ ಬುಡದಲ್ಲಿ ಹೊಸ ಉಗುರು ಒಂದು ಗೆರೆಯಷ್ಟೇ ಬಂದಿತ್ತು, ಮಾವನದ್ದು ಅದಕ್ಕಿಂತ ತುಸು ಹೆಚ್ಚು. ಮಾವ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

'ಹನ್ನೊಂದು ದಿನದ್ದು' ಅಂದರು, ಕ್ಯಾಷಿಯರ್ ದನಿಯಲ್ಲಿ.

ಅಡುಗೆಮನೆಯಿಂದ ಅವರ ಅಮ್ಮ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಮಂಜು. ಮಾವನ ಮುಖ ಹತ್ತಿರದಿಂದ ನೋಡಿ, ಕಿವಿಯ ಹಿಂದೆ ಬೆರಳಿಟ್ಟು ಒರೆಸಿ, ಇದೇನು ಬಣ್ಣ ಅಂತ ಕೇಳಿದರು.